ಪಡುಮಾರಿನ ಗಡಿ

ಪಡುಮಾರಿನ ದೈವಸ್ಥಾನದಲ್ಲಿ ಆ ದಿನ ಬೆಳಿಗ್ಗೆ ನೇಮೋತ್ಸವಕ್ಕೆ ಬಾವುಟ ಕಟ್ಟಿ ಕೊಡಿ ಏರಿಸಿದ್ದರು. ಕೊಡಿ ಇಳಿಯುವ ತನಕ ಊರಿನವರು ಯಾರೂ ರಾತ್ರಿ ಗಡಿಯಾಚೆ ತಂಗುವಂತಿಲ್ಲ. ನೋಣಯ್ಯ ಈ ಕಟ್ಟನ್ನು ಒಮ್ಮೆಯೂ ಮುರಿದವನಲ್ಲ. ಈಗ ಅವನು ಗಡಿಯಾಚೆ, ನಗರದೊಳಗೆ ಹಂಪನಕಟ್ಟೆಯ ಹತ್ತಿರದ ಆಸ್ಪತ್ರೆಯಲ್ಲಿ ಹೆಂಡತಿ ಕುಶಲಾಳ ಕೈ ಹಿಡಿದು ಕೂತಿದ್ದ. ಈ ರಾತ್ರಿ ಕಳೆಯುವುದು ಕಷ್ಟವೆಂದು ಡಾಕ್ಟರು ಹೇಳಿ ಹೋಗಿದ್ದರು. ಕಿಟಕಿಯಾಚೆ ಹೊತ್ತು ಇಳಿಯುತ್ತಿತ್ತು.

“ಎಂತ ಗಡಿ ಅಪ್ಪ? ಪಡುಮಾರೂ ಕಾರ್ಪೊರೇಶನ್, ಇದೂ ಕಾರ್ಪೊರೇಶನ್. ಎಲ್ಲ ಒಂದೇ ಊರು,” ಎಂದ ಮಗ ಶೈಲೇಶ.

“ಕಾರ್ಪೊರೇಶನ್ನಿನದ್ದು ಅವರಿಗೆ. ದೈವಕ್ಕೆ ಬೇರೆ ಉಂಟು.”

“ಮತ್ತೆ ತಪ್ಪುಕಾಣಿಕೆ ಹಾಕಿದರಾಯ್ತಲ್ಲ?”

“ಗೊತ್ತಿದ್ದೂ ತಪ್ಪು ಮಾಡಿ ಕಾಣಿಕೆಯಾ?” ಎಂದನಾದರೂ ನೋಣಯ್ಯನಿಗೆ ಆ ಕೈ ಬಿಟ್ಟು ಏಳಲಾಗಲಿಲ್ಲ.

ಕುಶಲಾ ಕಣ್ಣು ತೆರೆದಳು. “ಅಪ್ಪ ಮಗ ನಿಮ್ಮದೇ ಮಾತು. ನಾನು ಪಡುಮಾರಿನವಳಲ್ವಾ? ನಾನು ಇಲ್ಲಿ ಉಳಿಯಬಹುದಾ?”

ಅದು ಇಬ್ಬರಿಗೂ ಹೊಳೆದೇ ಇರಲಿಲ್ಲ.

“ಮನೆಗೆ ಕರ್ಕೊಂಡು ಹೋಗಿ ಮಾರಾಯ್ರೆ,” ಎಂದಳು.

ಆಂಬುಲೆನ್ಸ್ ಕೂಳೂರು ಸೇತುವೆಯ ಈಚೆ ವಾಹನಗಳ ಸಾಲಿನಲ್ಲಿ ಸಿಕ್ಕಿಬಿತ್ತು. ಪಡುಮಾರು ಹೊಳೆಯ ಆಚೆ. ಕುಶಲಾಳ ಉಸಿರು ಮೇಲೆ ಕೆಳಗೆ ಆಗುತ್ತಿತ್ತು.

“ಬಂತಾ?” ಎಂದು ಕೇಳಿದಳು.

ನೋಣಯ್ಯ ಹೊರಗೆ ನೋಡಿದ. ಸರಕಾರ ಪಡುಮಾರಿನ ಗಡಿಯನ್ನು ಎಷ್ಟು ಸಲ ಗೀಚಿ ಅಳಿಸಲಿಲ್ಲ! ಕಾರ್ಖಾನೆಗೆಂದು ಅರ್ಧ ಊರು ಹೋಯಿತು, ಹೆದ್ದಾರಿ ಉಳಿದದ್ದನ್ನು ಸೀಳಿತು, ಪಂಚಾಯತಿ ಒಡೆದು ಎರಡಾಯಿತು, ಕೊನೆಗೆ ಎಲ್ಲವೂ ನಗರಕ್ಕೆ ಸೇರಿತು. ಏನೇ ಆದರೂ ಹಿರಿಯರು ಹೊಳೆಯನ್ನೇ ದೈವದ ಗಡಿಯೆಂದು ಹಿಡಿದುಕೊಂಡು ಬಂದಿದ್ದರು. ಆದರೆ ಮೊದಲು ಊರು ಕಟ್ಟಿದ್ದು ಈಚೆ ದಡದಲ್ಲಿ ಎಂದು ಅಜ್ಜ ಹೇಳುತ್ತಿದ್ದ. ದೊಡ್ಡ ನೆರೆ ಬಂದಾಗ ಜನ ದೈವದ ಭಂಡಾರವನ್ನು ದೋಣಿಯಲ್ಲಿಟ್ಟು ಆಚೆ ದಾಟಿದರಂತೆ. ಆಮೇಲೆ ಈ ದಡವನ್ನು ಯಾರೂ ತಮ್ಮದೆನ್ನಲಿಲ್ಲ. ನೋಣಯ್ಯನೂ ಈ ತನಕ ಅಂದವನಲ್ಲ.

“ಬಂತು ಕುಶಲಾ. ಗಡಿಯೊಳಗೆ ಇದ್ದೇವೆ.”

“ಗಡಿಯ ವಿಷಯದಲ್ಲಿ ನಿಮ್ಮ ಹತ್ರ ವಾದ ಮಾಡುವವರು ಯಾರು!” ಕುಶಲಾಳ ತುಟಿಯಲ್ಲಿ ನಗು ಮೂಡಿತು.

ವಾಹನ ಸೇತುವೆ ಹತ್ತುವಷ್ಟರಲ್ಲಿ ಅವಳ ಉಸಿರು ನಿಂತಿತ್ತು.

“ಅಪ್ಪ, ಆಸ್ಪತ್ರೆಗೆ ತಿರುಗಿಸುವುದಾ?” ಎಂದು ಶೈಲೇಶ ಕೇಳಿದ.

“ಬೇಡ. ಮನೆಗೇ ಹೋಗುವ.”

ನೋಣಯ್ಯ ಅವಳ ಹೊದಿಕೆ ಸರಿಮಾಡಿದ. ಆಮೇಲೆ ಹಿಂದೆ ಉಳಿಯುತ್ತಿದ್ದ ಹಳೆಯ ಊರಿನ ದಡದ ಕಡೆ ತಿರುಗಿ ಕೈಮುಗಿದ.