ಕಣಿವೆಯ ಗೇಟು, ಮಡಕಶಿರಾದ ಬಾಮೈದ

ರಾಯದುರ್ಗದಲ್ಲಿ ಗಾಡಿ ನಿಂತಿತೆಂದರೆ ಕಾರಣ ಒಂದೇ: ಬಿಸಿಲು. ಬಸ್‌ಸ್ಟ್ಯಾಂಡಿನ ಹಿಂದೆ ಗ್ಯಾರೇಜಿಟ್ಟಿರುವ ಉಜ್ಜಿನಪ್ಪ ಮೂವತ್ತು ವರ್ಷದಿಂದ ಇದನ್ನು ಸಾಧಿಸಿ ತೋರಿಸಿದ್ದ. ಬಾನೆಟ್ ಎತ್ತಿ, ಎಂಜಿನ್ನಿಗೆ ಪೆಟ್ರೋಲ್ ಹರಿಸುವ ಪಂಪು ತಣಿಯಲೆಂದು ಅದಕ್ಕೆ ಒದ್ದೆ ಗೋಣಿಬಟ್ಟೆ ಸುತ್ತುತ್ತಿದ್ದ. ಹತ್ತರಲ್ಲಿ ಎಂಟು ಕಾರು ಅಷ್ಟಕ್ಕೇ ಹೊರಡುತ್ತಿದ್ದವು. ಉಳಿದೆರಡರ ಥರ್ಮೋಸ್ಟಾಟ್ ಬಿಚ್ಚಿ ಗೋಡೆಯಾಚೆ ಎಸೆಯುತ್ತಿದ್ದ. ಎಂಜಿನ್ ಕಾಯುವ ತನಕ ನೀರನ್ನು ರೇಡಿಯೇಟರಿಗೆ ಬಿಡದೆ ತಡೆಯುವ ಆ ಪುಟ್ಟ ಬಾಗಿಲು ಈ ಊರಿಗೆ ಯಾಕೆ ಎಂಬುದು ಅವನ ವಾದ. ಹವಾಮಾನ ಅವನ ಪರವಾಗಿತ್ತು.

ಎದುರಾಡಿದವನು ಒಬ್ಬನೇ, ಹೆಂಡತಿ ನರಸಕ್ಕನ ತಮ್ಮ ಶಿವಶಂಕರ್. ಸೈನ್ಯದಲ್ಲಿ ಹದಿನೈದು ವರ್ಷ ಹಿಮದ ದಾರಿಗಳಲ್ಲಿ ಲಾರಿ ಓಡಿಸಿ, ಈಗ ಮಡಕಶಿರಾದಲ್ಲಿ ಹಿಪ್ಪುನೇರಳೆ ಬೆಳೆಯುತ್ತಿದ್ದ. ತನ್ನ ಜೀಪಿನ ಥರ್ಮೋಸ್ಟಾಟೂ ಗೋಡೆ ಹಾರಿದ್ದನ್ನು ಕಂಡು, ಅದನ್ನು ಕಂಡುಹಿಡಿದವನೇನು ದಡ್ಡನಲ್ಲ ಎಂದ. ಡ್ರೈವರನಿಗೆ ಎಂಜಿನ್ನಿನ ಉಸಾಬರಿ ಬೇಡವೆಂದ ಉಜ್ಜಿನಪ್ಪ. ಅಂದಿನಿಂದ ಮೂರು ವರ್ಷ ಮಾತಿಲ್ಲ.

ಇಷ್ಟರಲ್ಲಿ ಜೀನ್ಸ್ ಹೊಲಿಸುವ ಶಶಿಧರ್ ಒಂದು ಕೆಂಪು ಸ್ಪೋರ್ಟ್ಸ್ ಕಾರು ಕೊಂಡ. ಅರವತ್ತರ ದಶಕದ ವಿದೇಶಿ ಗಾಡಿ, ಎರಡೇ ಸೀಟು. ಓಬಳಾಪುರದ ಅದಿರಿನ ಭರಾಟೆಯಲ್ಲಿ ಯಾವನೋ ಗುತ್ತಿಗೆದಾರ ಶೋಕಿಗೆ ತಂದು, ಭರಾಟೆ ಇಳಿದ ಮೇಲೆ ಕೋಳಿಗಳಿಗೆ ಬಿಟ್ಟುಕೊಟ್ಟಿದ್ದು. ಉಜ್ಜಿನಪ್ಪ ಅದಕ್ಕೆ ಜೀವ ತುಂಬಿದ. ಹಿಮಾಚಲದಲ್ಲಿ ಹಳೆಯ ಕಾರುಗಳ ಯಾತ್ರೆಯಿದೆ ಎಂದು ಶಶಿಧರ್ ಹೆಸರು ಕೊಟ್ಟ. ಎರಡನೆಯ ಸೀಟಿನಲ್ಲಿ ಉಜ್ಜಿನಪ್ಪ ಕೂತ. ಫ್ಲೆಕ್ಸ್ ಕಟ್ಟಿ ಊರೇ ಬೀಳ್ಕೊಟ್ಟಿತು. ಫ್ಲೆಕ್ಸಿನಲ್ಲಿ ಉಜ್ಜಿನಪ್ಪನ ಮುಖ ಕಾರಿಗಿಂತ ದೊಡ್ಡದಿತ್ತು.

ಹದಿನಾಲ್ಕು ಸಾವಿರ ಅಡಿಯ ಮೇಲೆ, ಬೆಟ್ಟ ದಾಟುವ ಕಣಿವೆದಾರಿಯ ಗೇಟಿಗೆ ಇನ್ನೂರು ಗಜ ಇರುವಾಗ ಕಾರು ನಾಲ್ಕು ಸಲ ಕೆಮ್ಮಿ ನಿಂತಿತು. ಬೆಳಿಗ್ಗೆ ಹತ್ತು ಗಂಟೆ. ಹಿಮದ ಮುನ್ಸೂಚನೆಯಿದ್ದುದರಿಂದ ಹನ್ನೊಂದಕ್ಕೆ ಗೇಟು ಹಾಕುತ್ತಾರೆ, ಆಮೇಲೆ ತೆಗೆಯುವುದು ಮುಂದಿನ ಬೇಸಿಗೆಗೆ. ಅಷ್ಟರಲ್ಲಿ ದಾಟದಿದ್ದರೆ ಕಾರು ಲಾರಿಯ ಮೇಲೆ ಊರಿಗೆ ಬರಬೇಕು. ಲಾರಿಯೇರಿ ಬಂದ ಕಾರನ್ನು ನೋಡಿದ ಮೇಲೆ ರಾಯದುರ್ಗದಲ್ಲಿ ಯಾರೂ ತನಗೆ ಸೈಕಲ್ ಪಂಕ್ಚರನ್ನೂ ಕೊಡರು ಎಂಬುದು ಉಜ್ಜಿನಪ್ಪನಿಗೆ ಗೊತ್ತಿತ್ತು.

ಅವನು ಬಾನೆಟ್ ಎತ್ತಿ ಪೆಟ್ರೋಲ್ ಪಂಪಿಗೆ ಒದ್ದೆ ಗೋಣಿಬಟ್ಟೆ ಸುತ್ತಿದ.

ಕೈ ಅಭ್ಯಾಸವೆಂದರೆ ಹಾಗೆ. ಎರಡನೆಯ ಸುತ್ತು ಮುಗಿಯುವಷ್ಟರಲ್ಲಿ ಮೊದಲನೆಯದು ಹೆಪ್ಪುಗಟ್ಟಿ ಕಡಪ ಕಲ್ಲಾಗಿತ್ತು. ಸುತ್ತಿಗೆಯಿಂದ ಒಡೆದು ತೆಗೆಯಲು ಕಾಲು ಗಂಟೆ ಹಿಡಿಯಿತು. ಬಳಿಕ ಚೋಕ್ ಎಳೆದೆಳೆದು ಪೆಟ್ರೋಲ್ ಕುಡಿಸಿದ. ಕಿಡಿ ಹೊತ್ತಿಸುವ ಪ್ಲಗ್ಗುಗಳು ಕಪ್ಪಾಗಿ ನೆನೆದು ಕೂತವು. ಜೊತೆಯ ಹಳೆಯ ಕಾರುಗಳು ಮರ್ಯಾದೆಯಿಂದ ಹಾರ್ನ್ ಹಾಕುತ್ತ ಮುಂದೆ ಹೋದವು.

“ಉಜ್ಜಿನಪ್ಪಣ್ಣ, ಯಾರನ್ನರ ಕೇಳೋಣ್ರಿ,” ಎಂದ ಶಶಿಧರ್.

ಕೇಳಬಹುದಾದವನು ಒಬ್ಬನೇ ಇದ್ದ. ರಸ್ತೆ ಬದಿಯ ಚಹದಂಗಡಿಯ ಹೊಸ್ತಿಲಲ್ಲಿ ಮಾತ್ರ ಸಿಗ್ನಲ್ ಸಿಗುತ್ತಿತ್ತು. ಉಜ್ಜಿನಪ್ಪ ಮೂರು ಸಲ ಅಲ್ಲಿಗೆ ಹೋಗಿ ಮೂರು ಸಲ ಚಹ ಕುಡಿದು ಬಂದ. ನಾಲ್ಕನೆಯ ಸಲ ಫೋನ್ ಹಚ್ಚಿದ.

“ಏನ್ ಭಾವ, ನನ್ ನಂಬರ್ ಇನ್ನೂ ಇಟ್ಕಂಡಿದ್ಯಾ?”

ಉಜ್ಜಿನಪ್ಪ ಕಾರಿನ ಲಕ್ಷಣಗಳನ್ನೆಲ್ಲ ಹೇಳಿದ, ಗೋಣಿಬಟ್ಟೆಯ ವಿಷಯವೊಂದನ್ನು ಬಿಟ್ಟು.

“ಥರ್ಮೋಸ್ಟಾಟ್ ಐತಾ?”

ಉಜ್ಜಿನಪ್ಪ ಎದುರಿನ ಬೆಟ್ಟವನ್ನು ನೋಡಿದ. “ಇಲ್ಲ.”

“ತಡಿ, ಅಕ್ಕನ್ನೂ ಲೈನಿಗೆ ತಗಂತೀನಿ. ಅವ್ಳ ಮುಂದೆ ಇನ್ನೊಂದ್ಸಲ ಹೇಳು.”

ನರಸಕ್ಕ ರಾಯದುರ್ಗದ ಅಡಿಗೆಮನೆಯಿಂದ ಒಗ್ಗರಣೆಯ ಸದ್ದಿನೊಂದಿಗೆ ಲೈನಿಗೆ ಬಂದಳು.

“ನರಸಿ, ನಿನ್ನ ತಮ್ಮ ಅಂದಿದ್ದು ಖರೇ ಐತಿ,” ಎಂದ ಗಂಡ.

“ಯಾವ್ದುರೀ? ಅವ್ನು ಬಾಳ ಅಂದಾನಲ್ಲ.”

“ಥರ್ಮೋಸ್ಟಾಟಿಂದು.”

“ಅದೊಂದೇನಾ?”

ಶಶಿಧರ್ ಕೈಗಡಿಯಾರ ತೋರಿಸಿದ. ಹನ್ನೊಂದಕ್ಕೆ ಇಪ್ಪತ್ತು ನಿಮಿಷ.

“ಎಲ್ಲಾ ಖರೇ ಐತಿ,” ಎಂದ ಉಜ್ಜಿನಪ್ಪ. ಆ ‘ಎಲ್ಲಾ’ದಲ್ಲಿ ಏನೇನು ಸೇರುತ್ತದೆಂದು ಊರಿಗೆ ಹೋದ ಮೇಲೆ ತಿಳಿಯಲಿತ್ತು.

ಶಿವಶಂಕರ್ ಗೆದ್ದವನಂತೆ ನಗಲಿಲ್ಲ, ಕೆಲಸ ಹೇಳಿದ. ಥರ್ಮೋಸ್ಟಾಟಿಲ್ಲದೆ ಎಂಜಿನ್ ಕಾಯುವುದಿಲ್ಲ, ಬಿಸ್ಕತ್ತಿನ ಪೆಟ್ಟಿಗೆಯ ರಟ್ಟು ಹರಿದು ರೇಡಿಯೇಟರಿಗೆ ಅಡ್ಡ ಕಟ್ಟಬೇಕು, ತಣ್ಣನೆ ಗಾಳಿ ತಾಗಬಾರದು. ಪ್ಲಗ್ ಬಿಚ್ಚಿ ಒಲೆಯಲ್ಲಿ ಕಾಯಿಸಬೇಕು. ಚೋಕ್ ಮುಟ್ಟಬಾರದು, ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬುರೇಟರಿನ ಸ್ಕ್ರೂ ತಿರುಗಿಸಿ ಪೆಟ್ರೋಲ್ ಕಡಿಮೆ ಮಾಡಬೇಕು.

“ಅಲ್ಲಿ ಗಾಳೀನೇ ಕಮ್ಮಿ ಭಾವ. ಉಣ್ಣಾಕೆ ಒಬ್ನೇ ಬಂದ್ರೆ ಹತ್ತು ಜನುಕ್ಕೆ ಮುದ್ದೆ ಮಾಡ್ತಾರಾ?”

ಚಹದಂಗಡಿಯ ಹೆಂಗಸು ನಾಲ್ಕು ಪ್ಲಗ್ಗುಗಳನ್ನೂ ಇಕ್ಕಳದಲ್ಲಿ ಹಿಡಿದು ರೊಟ್ಟಿಯಂತೆ ಮಗುಚಿ ಕಾಯಿಸಿಕೊಟ್ಟಳು. ಉಜ್ಜಿನಪ್ಪ ಬೆರಳು ಸುಟ್ಟುಕೊಳ್ಳುತ್ತ ಅವನ್ನು ಕೂರಿಸಿದ. ಮೂರನೆಯ ಪ್ರಯತ್ನಕ್ಕೆ ಎಂಜಿನ್ ಹಿಡಿಯಿತು. ಹನ್ನೊಂದಕ್ಕೆ ನಾಲ್ಕು ನಿಮಿಷವಿರುವಾಗ ಕೆಂಪು ಕಾರು ಎದೆಗೆ ಬಿಸ್ಕತ್ತಿನ ಜಾಹೀರಾತು ಕಟ್ಟಿಕೊಂಡು ಗೇಟು ದಾಟಿತು.

ಮಧ್ಯಾಹ್ನ ಆಚೆ ಕಡೆಯ ಬಿಡಾರದಲ್ಲಿ ಉಳಿದ ಕಾರುಗಳ ಮಾಲೀಕರು ಸುತ್ತ ನೆರೆದರು. ಅವರಲ್ಲೂ ಹಲವರ ಕಾರುಗಳು ಕೆಮ್ಮಿಕೊಂಡೇ ಬಂದಿದ್ದವು. ಚಂಡೀಗಢದ ಹಿರಿಯರೊಬ್ಬರು ಉಜ್ಜಿನಪ್ಪನ ಕೈ ಕುಲುಕಿ, ಇಂಥ ಉಪಾಯ ಯಾರಿಗೆ ಹೊಳೆಯುತ್ತದೆ ಎಂದು ಹಿಂದಿಯಲ್ಲಿ ಹೊಗಳಿದರು. ಸುಮ್ಮನಿದ್ದರೆ ಹೊಗಳಿಕೆ ಅವನದೇ ಆಗುತ್ತಿತ್ತು. ಅವನು ಇನ್ನಿಬ್ಬರ ಕೈ ಕುಲುಕಿಯೂ ನೋಡಿದ.

“ನಂದಲ್ಲಂತ ಹೇಳ್ರಿ ಸಾವ್ಕಾರ್ರ,” ಎಂದ ಕೊನೆಗೆ ಶಶಿಧರನಿಗೆ. “ನನ್ನ ಬಾಮೈದ ಮಡಕಶಿರಾದಾಗ ಅದಾನ, ಅವನ ನಂಬರ್ ಕೊಡ್ರಿ. ಆದ್ರ ಫೋನಿನಾಗ ಅಷ್ಟ ಕೇಳ್ಬೇಕು. ಅವನ ಕೈಯಾಗ ಪಾನಾ-ಸುತ್ತಿಗಿ ಕೊಡಬ್ಯಾಡ್ರಿ.”

ಶಶಿಧರ್ ಮೊದಲರ್ಧವನ್ನು ಮಾತ್ರ ಹಿಂದಿಗಿಳಿಸಿದ. ರಾಯದುರ್ಗದ ಪೇಟೆಯಲ್ಲಿ ಉರ್ದು ಕೇಳಿ ಬೆಳೆದ ಉಜ್ಜಿನಪ್ಪನಿಗೆ ಅಷ್ಟು ತಿಳಿಯದೆ ಹೋಗಲಿಲ್ಲ. ಹಿರಿಯರನ್ನು ಪಕ್ಕಕ್ಕೆ ಕರೆದು, ಉಳಿದರ್ಧವನ್ನು ತಾನೇ ಕೈಸನ್ನೆ ಸಮೇತ ವಿವರಿಸತೊಡಗಿದ.