ತಿರುಗಿ ಹೇಳಿದ ಮಾತು

ಗುಣವತಿ ಗಂಡನ ಹೊದಿಕೆಯನ್ನು ಬಕೆಟ್ಟಿನ ನೀರಿಗೆ ಅದುಮುತ್ತಿದ್ದಾಗ ಸ್ಮಶಾನಕ್ಕೆ ಹೋದ ಗಂಡಸರು ಹಿಂತಿರುಗಿದರು. ಕಾಲು ತೊಳೆಯಲು ಅವರಿಗೆ ನಲ್ಲಿ ಬಿಟ್ಟುಕೊಟ್ಟು ಅವಳು ಗೋಡೆಗೆ ಸರಿದು ನಿಂತಳು.

ಟಿ. ನಗರದ ಹೋಟೆಲಿನಿಂದ ಕಾಫಿ ಬಂದಿತ್ತು. ಗಂಡ ರಘುರಾಮ ಮೀಸೆ ಮೂಡಿದಂದಿನಿಂದ ಡಿಕಾಕ್ಷನ್ ಇಳಿಸಿದ್ದು ಆ ಹೋಟೆಲಿನಲ್ಲೇ.

"ರಘುರಾಮಣ್ಣ ಇದ್ದಿದ್ರೆ ಇದನ್ನು ಮೋರಿಗೆ ಚೆಲ್ತಿದ್ರು," ಎಂದ ಅಲ್ಲಿಯ ಅಡಿಗೆಯ ವಿಠ್ಠಲ. ಒಂದಿಬ್ಬರು ನಕ್ಕರು. ಮಗ ಮನೀಶ್ ನಗಲಿಲ್ಲ.

"ಗುಣ ಆಯ್ತು ಅಂತ ಅಲ್ವಾ ಡಿಸ್ಚಾರ್ಜ್ ಮಾಡಿದ್ದು? ಹೀಗಾಗ್ತದೆ ಅಂತ ಆ ಹೊಸ ಡಾಕ್ಟರ್ ಒಂದು ಮಾತು ಹೇಳ್ಲಿಲ್ಲ. ನಾಳೆ ಅಸ್ಥಿ ತಂದು ನೇರ ಆಸ್ಪತ್ರೆಗೇ ಹೋಗ್ತೇನೆ. ಅವಳ ಮೇಲೆ ಕಂಪ್ಲೇಂಟ್ ಕೊಡುದೇ."

ಸೊಸೆ ಪ್ರಣಮ್ಯಾ ತಿರುಗಿ ನೋಡಿದಳು. "ಅತ್ತೆ, ಡಾಕ್ಟರ್ ನಿಮ್ಮ ಹತ್ರ ಏನಾದ್ರೂ ಹೇಳಿದ್ರಾ?"

ಗುಣವತಿ ಕೈಯನ್ನು ಸೆರಗಿಗೆ ಒರೆಸಿಕೊಂಡಳು. "ನನಗೆಂತ ಗೊತ್ತಾಗ್ತದೆ," ಎಂದಳು.

*

ಡಿಸ್ಚಾರ್ಜಿನ ದಿನ ಮನೀಶ್ ಔಷಧಿ ತರಲು ಆಸ್ಪತ್ರೆಯ ಕೆಳಗೆ ಹೋಗಿದ್ದ. ಹೊಸ ಡಾಕ್ಟರ್ ಪಾವನಾ, ಮೈಸೂರಿನ ಕಡೆಯವಳು, ರಘುರಾಮನ ಮಂಚದ ಪಕ್ಕ ಸ್ಟೂಲೆಳೆದು ಕೂತು ನಿಧಾನವಾಗಿ ಎಲ್ಲವನ್ನೂ ಹೇಳಿದಳು. ಬೇರೆ ಯಾರೂ ಇರಲಿಲ್ಲ. ಗುಣವತಿ ಪ್ರತಿ ಮಾತಿಗೂ ತಲೆಯಾಡಿಸಿದಳು.

"ತಲೆ ಆಡಿಸಿದ್ರೆ ಸಾಲ್ದು ಅಮ್ಮ. ಕೇಳಿದವರ ಬಾಯಿಂದಲೇ ಒಂದ್ಸಲ ಹೇಳಿಸ್ಬೇಕು ಅಂತ ನಮಗೆ ಕಲಿಸಿದಾರೆ. ನಿಮಗೆ ಅರ್ಥ ಆದದ್ದನ್ನ ನಿಮ್ಮ ಮಾತಲ್ಲೇ ಹೇಳಿ."

ಗಂಡ ಅವಳನ್ನೇ ನೋಡುತ್ತಿದ್ದ.

"ಮಾತ್ರೆ ನೋವಿಗೆ ಮಾತ್ರ," ಎಂದಳು. ಪಾವನಾ ಕಾದಳು. "ರೋಗಕ್ಕೆ ಇನ್ನು ಮದ್ದಿಲ್ಲ. ಇವರು... ಹೆಚ್ಚು ದಿನ ಇರುದಿಲ್ಲ."

ಹೇಳಿಸಿದ ಹುಡುಗಿಯ ಕಣ್ಣೇ ತುಂಬಿತು. ರಘುರಾಮ ಕಾಫಿ ಕುಡಿಯಬಹುದೇ ಎಂದು ಕೇಳಿದ. ಅವಳು ಹೋದ ಮೇಲೆ ಹೆಂಡತಿಯ ಕೈ ಹಿಡಿದುಕೊಂಡ.

"ಮಗನಿಗೆ ಹೇಳ್ಬೇಡ ಮಾರಾಯ್ತಿ. ಪುನಃ ಇಲ್ಲಿಗೇ ತಂದು ಮಲಗಿಸ್ತಾನೆ. ನನಗೆ ಹೋಟೆಲಿಗೆ ಹೋಗ್ಲಿಕ್ಕುಂಟು."

ಮೇಲೆ ಬಂದ ಮಗನಿಗೆ ಗುಣವತಿ, ಇನ್ನು ಮನೆಗೆ ಹೋಗಬಹುದಂತೆ ಎಂದಷ್ಟೇ ಹೇಳಿದಳು. ರಘುರಾಮ ಹೋಟೆಲಿಗೆ ಹೋಗಿಯೂ ಹೋದ. ಒಲೆಯ ಬಳಿ ಕುರ್ಚಿ ಹಾಕಿಸಿಕೊಂಡು, ಕಾಫಿ ಮಾಡುವವರನ್ನು ಬೈಯುತ್ತ, ಕೈಲಾಗುವವರೆಗೆ ಸುಖವಾಗಿ ಕೂತಿದ್ದ.

*

ಸಂಜೆಗೆ ಜನ ಕರಗಿದರು. ಸೂತಕ ಕಳೆಯುವ ತನಕ ಹೊಸ್ತಿಲು ದಾಟಬಾರದೆಂದು ನಾದಿನಿ ಬುದ್ಧಿ ಹೇಳಿ ಹೊರಟಳು. ಗುಣವತಿ ಹೂಂಗುಟ್ಟಿದಳು. ಒಳಗೆ ಮನೀಶ್ ಫೋನಿನಲ್ಲಿ ಯಾರಿಗೋ ಪಾವನಾಳ ಹೆಸರನ್ನು ಬಿಡಿಬಿಡಿಸಿ ಹೇಳುತ್ತಿದ್ದ. ಆ ಹುಡುಗಿ ಹೇಳಿದ್ದಳು ಎನ್ನಲು ಈಗ ಉಳಿದಿರುವ ಬಾಯಿ ತನ್ನದೊಂದೇ.

ನಾಳೆ ಅವನು ಅಸ್ಥಿಗೆ ಹೊರಟೊಡನೆ ಆಸ್ಪತ್ರೆಯ ಕಡೆಗೆ ಒಂದು ಆಟೋ ಸಿಕ್ಕೀತು.

ಅವಳು ಬಾಗಿಲಿಗೆ ಬಂದಳು. ಚದುರಿಬಿದ್ದ ಚಪ್ಪಲಿಗಳ ನಡುವೆ ತನ್ನ ಜೋಡಿಯನ್ನು ಹುಡುಕಿ, ಧೂಳು ಕೊಡವಿ, ಬೀದಿಗೆ ಮುಖ ಮಾಡಿ ಇಟ್ಟಳು.