ಒಳಗಿನಿಂದ ಹೊರಗೆ

"ಬಾಯಮ್ಮ, ಹಾಕಿ. ಇನ್ನು ನಿಮ್ಮದು ನನ್ನದು ಮಾತ್ರ ಬಾಕಿ," ಎಂದು ಕಮಲಾಕ್ಷ ಮೆಲ್ಲಗೆ ಹೇಳಿದ.

ಬ್ರಿಜಿಟ್ ಮಣ್ಣು ಹಿಡಿದ ಮುಷ್ಟಿ ಬಿಚ್ಚಲಿಲ್ಲ. ಗಂಡ ಬರ್ನಾರ್ಡನ ಪೆಟ್ಟಿಗೆ ಗುಂಡಿಗೆ ಇಳಿದಾಗಿತ್ತು. ಕುವೈತಿನ ಮಂಗಫ್‌ನಿಂದ ಬಂದ ಊರಿನವರೆಲ್ಲ ಒಂದೊಂದು ಹಿಡಿ ಮಣ್ಣು ಹಾಕಿ, ಧೂಳುಗಾಳಿಗೆ ಮೂಗು ಮುಚ್ಚಿಕೊಂಡು ನಿಂತಿದ್ದರು. ಫಾದರ್ ಪುಸ್ತಕ ಮಡಚಿ ಕಾಯುತ್ತಿದ್ದರು.

"ನನ್ನಿಂದಾಗುದಿಲ್ಲ ಕಮಲಾಕ್ಷ. ಜೀವಮಾನ ಇಡೀ ಧೂಳು ತಿಂದದ್ದು ಸಾಲದಾ ಅವರಿಗೆ? ಈಗ ನಾನೂ ಹಾಕ್ಬೇಕಾ?"

"ಕ್ರಮ ಅಲ್ವಾ ಬಾಯಮ್ಮ."

"ಕ್ರಮ ನಂಗೂ ಗೊತ್ತುಂಟು."

ಕಮಲಾಕ್ಷನ ಕಿಸೆಯಲ್ಲಿ ಮೊಬೈಲು ಮತ್ತೆ ನಡುಗಿತು. ಫೋರ್‌ಮನ್ ಅಬ್ದುಲ್ ನಾಸಿರ್. ಶುವೈಖ್‌ನ ಕಂಪನಿ ಯಾರ್ಡಿನಲ್ಲಿ ಮಣ್ಣೆತ್ತುವ ಲೋಡರು ಬಿಸಿಯೇರಿ ನಿಂತಿರಬೇಕು. ಈ ಗಾಳಿಗೆ ರೇಡಿಯೇಟರು ಕಟ್ಟಿಕೊಳ್ಳದೆ ಇದ್ದೀತೇ? ಅದನ್ನು ಬಿಡಿಸುವವನು ಇಲ್ಲಿ ಮಲಗಿದ್ದಾನೆ. ಕಮಲಾಕ್ಷ ಫೋನ್ ಎತ್ತಲಿಲ್ಲ. ಆಸ್ಪತ್ರೆ, ಕಚೇರಿ, ಸಹಿ, ಸೀಲು ಎಂದು ಅಲೆದಲೆದು ಅವನಿಗೆ ಅಳಲೂ ತ್ರಾಣ ಉಳಿದಿರಲಿಲ್ಲ.

*

ತೊಂಬತ್ತರ ದಶಕದ ಒಂದು ಬೇಸಿಗೆ. ಕಮಲಾಕ್ಷ ಕುವೈತಿಗೆ ಹೊಸಬ. ಊರಲ್ಲಿ ಬಸ್ಸು ತೊಳೆದ ಹುಮ್ಮಸ್ಸಿನಲ್ಲಿ ಲೋಡರಿನ ರೇಡಿಯೇಟರಿಗೆ ಸೀದಾ ನೀರು ಬಿಟ್ಟ. ಹಿಟ್ಟಿನಂಥ ಧೂಳು ಕೆಸರಾಗಿ, ಬಿಸಿಗೆ ಗಾರೆಯಾಗಿ ಕೂತಿತು. ಮಧ್ಯಾಹ್ನಕ್ಕೆ ಎಂಜಿನ್ ಕುದಿಯಿತು.

"ಎಂಥ ಮಾರಾಯಾ, ಇದೇನು ಸಿಟಿ ಬಸ್ಸಾ?" ಎಂದು ನಕ್ಕ ಬರ್ನಾರ್ಡ್, ವಾರದ ರಜೆಯ ಶುಕ್ರವಾರ ಇಗರ್ಜಿಯ ಪೂಜೆ ಬಿಟ್ಟು ಅವನ ಜೊತೆ ಕೂತು ಕೆಸರು ಕೆರೆದ. ಆಮೇಲೆ ಗಾಳಿಯ ಪೈಪು ಹಿಡಿದು ಎಂಜಿನ್ ಪಕ್ಕದ ಇಕ್ಕಟ್ಟಿಗೆ ನುಗ್ಗಿದ.

"ಮೊದಲು ಗಾಳಿ. ಅದೂ ಒಳಗಿನಿಂದ ಹೊರಗೆ. ಹೊರಗಿನಿಂದ ಊದಿದ್ರೆ ಧೂಳು ಇನ್ನೂ ಒಳಗೆ ಹೋಗ್ತದೆ. ಬಂದ ದಾರಿಯಲ್ಲೇ ಕಳಿಸ್ಬೇಕು ಅದನ್ನು."

"ನಾನು ಬರ್ತೇನೆ ಪೊರ್ಬುಗಳೇ," ಎಂದು ಕಮಲಾಕ್ಷ ಊರಿನ ಮರ್ಯಾದೆಯಲ್ಲೇ ಕರೆದ.

"ನೀನು ಆಚೆ ನಿಲ್ಲು. ಮದುವೆ ಆಗ್ಲಿಕ್ಕಿರುವ ಮುಖ!"

ಹೊರಬಂದಾಗ ಬರ್ನಾರ್ಡನ ಹಲ್ಲು ಮಾತ್ರ ಬೆಳ್ಳಗೆ ಕಾಣುತ್ತಿತ್ತು. ಬ್ರಿಜಿಟ್‌ಗೆ ಧೂಳು ಕಂಡರಾಗದೆಂದು ಪ್ರತಿದಿನ ಯಾರ್ಡಿನಲ್ಲೇ ಮಿಂದು, ಕಿವಿ ಸಂದಿಯನ್ನೂ ತಿಕ್ಕಿಕೊಂಡು ಮನೆಗೆ ಹೋಗುತ್ತಿದ್ದ ಮಹಾರಾಯ. ಎಷ್ಟು ಮಿಂದರೂ ಕೆಮ್ಮು ಮಾತ್ರ ಹೋಗಲಿಲ್ಲ.

*

"ಕಡೆಕಡೆಗೆ ನಾನೇ ರಾತ್ರಿ ಇಡೀ ಬೆನ್ನು ನೀವಿದ್ದು," ಎಂದಳು ಬ್ರಿಜಿಟ್. "ಒಂದು ಉಸಿರು ಸಲೀಸಾಗಿ ಎಳೆದದ್ದು ನಾನು ನೋಡ್ಲಿಲ್ಲ."

ಕಮಲಾಕ್ಷ ಗುಂಡಿಯ ಅಂಚಿಗೆ ಬಂದ. ಬಗ್ಗಿ ಒಂದು ಹಿಡಿ ಮಣ್ಣು ಎತ್ತಿಕೊಂಡ. ಗುಂಡಿಗೆ ಬೆನ್ನು ಮಾಡಿ, ಗಾಳಿ ಹೋಗುವ ದಿಕ್ಕಿಗೆ ತಿರುಗಿ, ಅಂಗೈಯನ್ನು ಬಾಯಿಯ ಹತ್ತಿರ ತಂದು ಊದಿದ. ಧೂಳು ಗುಂಡಿಯಿಂದ ಆಚೆಗೆ ಹಾರಿತು. ಇನ್ನೊಮ್ಮೆ ಊದಿದ. ಕೊನೆಗೆ ನಾಲ್ಕು ದಪ್ಪ ಹರಳು ಉಳಿದವು. ಮಂಡಿಯೂರಿ ಅವನ್ನು ಪೆಟ್ಟಿಗೆಯ ಮೇಲೆ ಬಿಟ್ಟ.

ಗುದ್ದಲಿ ಹಿಡಿದು ನಿಂತವರಲ್ಲಿ ಯಾರೋ "ಯಲ್ಲಾ, ಯಲ್ಲಾ" ಎಂದು ಅವಸರಪಡಿಸಿದರು. ಫಾದರ್ ಕೈಯೆತ್ತಿ ತಡೆದರು.

ಬ್ರಿಜಿಟ್ ಕಮಲಾಕ್ಷನ ಪಕ್ಕಕ್ಕೆ ಬಂದು, ತಾನೂ ಗುಂಡಿಗೆ ಬೆನ್ನು ಮಾಡಿ ನಿಂತಳು. ಮುಷ್ಟಿ ಬಿಚ್ಚಿ, ಮಗುವಿನ ಹಾಲು ಆರಿಸುವವಳಂತೆ ಮೆಲ್ಲಗೆ ಊದತೊಡಗಿದಳು.